ಸುರಿಯದ ತುಕ್ಕು, ಪೀಚೆಕತ್ತಿಯ ಬೆಳ್ಳಿ

ಸುರಗಿ ಎಂದರೆ ಕರಾವಳಿಯವರಿಗೆ ಮೊದಲು ನೆನಪಾಗುವುದು ಹೂವು. ಒಣಗಿದ ಮೇಲೂ ಪರಿಮಳ ಬಿಡದ, ಹೆಂಗಸರು ದಂಡೆ ಕಟ್ಟಿ ಮುಡಿಯುವ ಹೂವು. ಆದರೆ ಹಳಗನ್ನಡದಲ್ಲಿ ಸುರಗಿ ಅಥವಾ ಸುರಿಗೆ ಎಂದರೆ ಯೋಧ ಸೊಂಟಕ್ಕೆ ಸಿಗಿಸಿಕೊಳ್ಳುತ್ತಿದ್ದ ಚೂರಿ. ಸಂಸ್ಕೃತದ ಛುರಿಕೆ ಇದರ ಮೂಲ. ಕನ್ನಡದ ಬಳಕೆಯಿಂದ ಈ ಮಾತು ಹೆಚ್ಚುಕಡಿಮೆ ಮರೆಯಾಗಿದ್ದರೂ ತುಳುವಿನಲ್ಲಿ 'ಸುರಿಯ' ಎಂದು ಜೀವಂತವಾಗಿದೆ. ತುಳುವೂ ಕುಂದಾಪ್ರ ಕನ್ನಡವೂ ಕೂಡುವ ಬ್ರಹ್ಮಾವರದ ಆಸುಪಾಸಿನ ಬೈದರ್ಕಳ ಗರೋಡಿಗಳಲ್ಲಿ ನೇಮದ ರಾತ್ರಿ ಕೋಟಿ-ಚೆನ್ನಯರ ದರ್ಶನ ಪಾತ್ರಿಗಳು ಸುರಿಯವನ್ನು ಬರಿಮೈಗೆ ಒತ್ತಿ ಹಿಡಿಯುವುದನ್ನು ಕಂಡವರಿಗೆ ಅದರ ಗಾಂಭೀರ್ಯವನ್ನು ವಿವರಿಸಬೇಕಾಗಿಲ್ಲ.

ಆ ರಾತ್ರಿ ಎಲ್ಲರ ಕಣ್ಣೂ ಸುರಿಯದ ಮೇಲೆಯೇ. ಆದರೆ ಅದನ್ನು ಬಡಿದವರು ಯಾರು, ಕಬ್ಬಿಣ ಎಲ್ಲಿಯದು, ಅಲಗಿಗೆ ಹದ ಕೊಟ್ಟದ್ದು ಹೇಗೆ ಎಂದು ಕೇಳುವವರಿಲ್ಲ. ದೈವದ ಆಯುಧವನ್ನು ಕುಸುರಿಯ ವಸ್ತುವಾಗಿ ನೋಡುವ ರೂಢಿ ನಮ್ಮಲ್ಲಿ ಬೆಳೆಯಲೇ ಇಲ್ಲ.

ಸೊಂಟದ ಚೂರಿ ಉಡುಗೆಯ ಭಾಗವಾಗಿ ಇಂದಿಗೂ ಉಳಿದಿರುವುದನ್ನು ನೋಡಬೇಕಾದರೆ ಘಟ್ಟ ಹತ್ತಿ ಕೊಡಗಿಗೆ ಹೋಗಬೇಕು. ಕೊಡವರ ಮದುವೆಯಲ್ಲಿ ಕುಪ್ಯ ತೊಟ್ಟ ವರನ ನಡುವಿಗೆ ಸುತ್ತಿದ ರೇಷ್ಮೆಯ ಚೇಲೆಯ ಮುಂಭಾಗದಲ್ಲಿ ಪೀಚೆಕತ್ತಿ ಇರಲೇಬೇಕು. ಒಂದು ಗೇಣಿನ ಆಸುಪಾಸಿನ, ಒಂದೇ ಬಾಯಿಯ ದಪ್ಪ ಅಲಗು. ಮರ, ಕೊಂಬು ಇಲ್ಲವೇ ದಂತದ ಹಿಡಿ. ಬೆಳ್ಳಿ, ಕೆಲವೊಮ್ಮೆ ಚಿನ್ನ ಹೊದಿಸಿದ ಮರದ ಒರೆ. ಒರೆಯಿಂದ ಇಳಿಬಿದ್ದ ಬೆಳ್ಳಿಯ ಸರಪಣಿ. ಬಾಳೆಯ ದಿಂಡು ಕಡಿಯುವ ದೊಡ್ಡ ಒಡಿಕತ್ತಿ ಬೇರೆಯದೇ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯ ಜತೆಗೆ ಇವಕ್ಕೂ ಪೂಜೆ.

ಅಲ್ಲಿ ಉಳಿದದ್ದು ಇಲ್ಲೇಕೆ ಉಳಿಯಲಿಲ್ಲ? ಒಂದು ಕಾರಣ ಸರ್ಕಾರಿ ಕಾಗದ. 1857ರ ದಂಗೆಯ ನಂತರ ಬ್ರಿಟಿಷರು ಪ್ರಜೆಗಳ ಆಯುಧ ಕಿತ್ತುಕೊಳ್ಳಲು ಹೊರಟಾಗ, ಆ ಕಾಯಿದೆ ಕೊಡಗಿಗೆ ಅನ್ವಯಿಸುವುದಿಲ್ಲವೆಂದು ಮಾರ್ಕ್ ಕಬ್ಬನ್ 1861ರ ಫೆಬ್ರವರಿಯಲ್ಲಿ ಪ್ರಕಟಿಸಿದ. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡಕ್ಕೆ ಅಂಥ ರಿಯಾಯಿತಿ ಸಿಗಲಿಲ್ಲ. 1878ರ ಶಸ್ತ್ರಾಸ್ತ್ರ ಕಾಯಿದೆ ಬಂದ ಮೇಲಂತೂ ಆಯುಧಕ್ಕೆ ನೆಮ್ಮದಿಯ ಜಾಗ ದೈವದ ಚಾವಡಿಯೇ ಆಯಿತು.

ಇದೇ ಹೊತ್ತಿಗೆ ದೂರದ ಜಪಾನಿನಲ್ಲೂ ಇಂಥದ್ದೊಂದು ಕಾಯಿದೆ ಬಂತು. 1876ರಲ್ಲಿ ಅಲ್ಲಿನ ಸರ್ಕಾರ ಸಮುರಾಯ್‌ಗಳು ಖಡ್ಗ ಧರಿಸಿ ಓಡಾಡುವುದನ್ನು ನಿಷೇಧಿಸಿತು. ಸಾವಿರಾರು ಕುಲುಮೆಗಳಿಗೆ ಕೆಲಸವಿಲ್ಲವಾಯಿತು. ಎರಡನೇ ಮಹಾಯುದ್ಧದಲ್ಲಿ ಸೋತ ಮೇಲೆ ಆಕ್ರಮಿತ ಸೇನೆ ಮನೆಮನೆಯ ಕತ್ತಿಗಳನ್ನು ಒಪ್ಪಿಸುವಂತೆ ಆಜ್ಞೆ ಮಾಡಿತು. ಆಗ ಅಲ್ಲಿನವರು ಹಿಡಿದ ವಾದ ಸ್ವಾರಸ್ಯದ್ದು: ಇವು ಆಯುಧಗಳಲ್ಲ, ಕಲಾಕೃತಿಗಳು. ವಾದ ಗೆದ್ದಿತು. 1948ರಲ್ಲಿ ಕಲಾ ಖಡ್ಗಗಳ ಸಂರಕ್ಷಣೆಗೆಂದೇ ಸಂಘ ಹುಟ್ಟಿತು. 1977ರಲ್ಲಿ ಅದೇ ಸಂಘ ಶಿಮಾನೆ ಪ್ರಾಂತ್ಯದಲ್ಲಿ ಕಬ್ಬಿಣದ ಮರಳನ್ನು ಇದ್ದಿಲಿನಲ್ಲಿ ಕರಗಿಸುವ ಹಳೆಯ ಕಾಲದ ಕುಲುಮೆಗೆ ಮತ್ತೆ ಬೆಂಕಿ ಹಾಕಿತು.

ಅವರ ಚೂರಿಯ ಹೆಸರು ತಾಂತೊ. ಅಲಗು ಒಂದು ಷಾಕು, ಅಂದರೆ ಸುಮಾರು 30 ಸೆಂಟಿಮೀಟರಿಗಿಂತ ಗಿಡ್ಡ. ಉಕ್ಕನ್ನು ಕಾಯಿಸಿ, ಬಡಿದು, ಮಡಚಿ, ಮತ್ತೆ ಬಡಿಯುತ್ತಾರೆ. ಪದರದ ಮೇಲೆ ಪದರ ಕೂತು ಮರದ ಎಳೆಯಂಥ ವಿನ್ಯಾಸ ಮೂಡುತ್ತದೆ. ಬಳಿಕ ಅಲಗಿಗೆ ಮಣ್ಣಿನ ಲೇಪ: ಬೆನ್ನಿಗೆ ದಪ್ಪ, ಬಾಯಿಗೆ ತೆಳು. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಲೇಪ ತೆಳುವಾಗಿರುವ ಬಾಯಿ ಥಟ್ಟನೆ ತಣಿದು ಗಡುಸಾಗುತ್ತದೆ, ಬೆನ್ನು ನಿಧಾನಕ್ಕೆ ತಣಿದು ಮೆದುವಾಗಿ ಉಳಿಯುತ್ತದೆ. ಎರಡರ ನಡುವಿನ ಮಂಜಿನಂಥ ಬಿಳಿ ಗೆರೆಯೇ 'ಹಾಮೊನ್'. ಬಲ್ಲವರು ಗೆರೆಯ ಓಟ, ಅಲಗಿನ ಎಳೆ, ಆಕಾರ ಇಷ್ಟನ್ನೇ ನೋಡಿ ಯಾವ ಕಾಲದ, ಯಾವ ಮನೆತನದ ಕಮ್ಮಾರ ಎಂದು ಹೇಳುತ್ತಾರೆ. ಕಾಮಾಕುರ ಕಾಲದ, ಅಂದರೆ ಏಳು ಶತಮಾನಗಳ ಹಿಂದಿನ ಶಿಂತೊಗೊ ಕುನಿಮಿತ್ಸುವಿನ ಹೆಸರು ಈಗಲೂ ಆತ ಮಾಡಿದ ತಾಂತೊಗಳ ಮೇಲಿದೆ. ಹೆಸರು ಕೊರೆಯುವುದು ಹಿಡಿಯೊಳಗೆ ಮರೆಯಾಗುವ ಭಾಗದಲ್ಲಿ. ಆ ಭಾಗದ ತುಕ್ಕನ್ನು ಯಾರೂ ಕೆರೆಯುವಂತಿಲ್ಲ. ತುಕ್ಕಿನ ಬಣ್ಣವೇ ವಯಸ್ಸಿನ ಸಾಕ್ಷಿ. ಕೆರೆದರೆ ಚೂರಿಯ ಬೆಲೆಯೇ ಕುಸಿಯುತ್ತದೆ.

ನಮ್ಮಲ್ಲಿ ನಡೆಯುವುದು ಇದರ ತದ್ವಿರುದ್ಧ. ಹುಣಸೆಹಣ್ಣು, ಬೂದಿ ಹಾಕಿ ಫಳಫಳ ಹೊಳೆಯುವ ತನಕ ತಿಕ್ಕಿದರಷ್ಟೇ ಭಕ್ತಿ. ಈಗ ವಿದ್ಯುತ್ ಸಾಣೆಯೂ ಬಂದಿದೆ. ಪೀಚೆಕತ್ತಿಯ ಮಾತು ಬಂದಾಗಲೂ ಬೆಳ್ಳಿಯ ತೂಕ ಕೇಳುವವರೇ ಹೆಚ್ಚು, ಒರೆಯಿಂದ ಎಳೆದು ಅಲಗು ನೋಡುವವರು ಕಡಿಮೆ. ಕೊಲ್ಲೂರು ಮೂಕಾಂಬಿಕೆಗೆ ಎಂ.ಜಿ. ರಾಮಚಂದ್ರನ್ ಒಪ್ಪಿಸಿದ ಚಿನ್ನದ ಖಡ್ಗ ಹರಕೆಯದು, ಅಲ್ಲಿ ಚಿನ್ನವೇ ಮುಖ್ಯವಾಗುವುದು ಸಹಜ. ಕಾದಲೆಂದೇ ಬಡಿದ ಅಲಗಿಗೂ ಅದೇ ಅಳತೆಗೋಲು ಹಿಡಿಯಬೇಕೇ?

ಉಕ್ಕಿನ ವಿಷಯದಲ್ಲಿ ಕನ್ನಡಿಗರು ತಲೆತಗ್ಗಿಸಬೇಕಾದ್ದೇನೂ ಇಲ್ಲ. 1790ರ ದಶಕದಲ್ಲಿ ಲಂಡನ್ನಿನ ವಿಜ್ಞಾನಿಗಳ ಕೈಸೇರಿ ಬೆರಗು ಹುಟ್ಟಿಸಿದ 'ವೂಟ್ಜ್' ನಮ್ಮ 'ಉಕ್ಕು' ಎಂಬ ಮಾತಿನ ಅಪಭ್ರಂಶವೆಂದೇ ಹಲವು ವಿದ್ವಾಂಸರ ಅಭಿಪ್ರಾಯ. ಮೈಕೆಲ್ ಫ್ಯಾರಡೆ ಕೂಡ ಅದನ್ನು ಪರೀಕ್ಷಿಸಿದ್ದ. 1801ರಲ್ಲಿ ಕುಂದಾಪುರ, ಬೈಂದೂರು ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್, ಅದಕ್ಕೆ ಮೊದಲು ಮೈಸೂರು ಸೀಮೆಯಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ಜತೆ ಕಟ್ಟಿಗೆ, ಸೊಪ್ಪು ಇಟ್ಟು ಬಾಯಿ ಮುಚ್ಚಿ ಕಾಯಿಸಿ ಉಕ್ಕು ತೆಗೆಯುವುದನ್ನು ಬರೆದಿಟ್ಟಿದ್ದಾನೆ. ಗರೋಡಿಯ ಯಾವುದಾದರೂ ಸುರಿಯದಲ್ಲಿ ಆ ಉಕ್ಕು ಇದೆಯೇ ಎಂಬುದನ್ನು ಹೇಳಬೇಕಾದದ್ದು ಅಲಗೇ. ಅದನ್ನು ಮತ್ತೆ ಕುಲುಮೆಗೆ ಹಾಕಿ ಕೆಂಪಗೆ ಕಾಯಿಸಿದರೆ ಹಳೆಯ ಆಚಾರಿ ಕೊಟ್ಟ ಹದ ಅಲ್ಲಿಗೇ ಮುಗಿಯಿತು.

ಈ ಮಾತು ಈಗ ಏಕೆಂದರೆ, ಇದು ಜೀರ್ಣೋದ್ಧಾರದ ಕಾಲ. ಹಂಚಿನ ಗುಡಿಯ ಜಾಗಕ್ಕೆ ಶಿಲಾಮಯ ಗುಡಿ, ಹಳೆಯ ಪರಿಕರಗಳ ಜಾಗಕ್ಕೆ ಹೊಸತು. ಬ್ರಹ್ಮಾವರ ತಾಲೂಕಿನ ಮೇಕೆಕಟ್ಟು ಇದಕ್ಕೆ ಹಳೆಯ ನಿದರ್ಶನ. ಕಳೆದ ಶತಮಾನದಲ್ಲಿ ಅಲ್ಲಿ ಹೊಸ ವಿಗ್ರಹಗಳು ಬಂದಾಗ ಹೊರಬಿದ್ದ ಆಳೆತ್ತರದ ಮರದ ಭೂತ ವಿಗ್ರಹಗಳು ಇಂದು ದಿಲ್ಲಿಯ ಕರಕುಶಲ ವಸ್ತುಸಂಗ್ರಹಾಲಯದ ಹೆಮ್ಮೆ. ಯಾರೋ ಬಲ್ಲವರ ಕಣ್ಣಿಗೆ ಬಿದ್ದದ್ದರಿಂದ ಅವು ಉಳಿದವು. ಒಂದು ಗೇಣಿನ ಕಬ್ಬಿಣದ ತುಂಡು ಹಾಗೆ ಕಣ್ಣಿಗೆ ಬೀಳುವುದು ಕಷ್ಟ, ಗುಜರಿಯವನ ಚೀಲ ಸೇರುವುದು ಸುಲಭ. ನೂರು ವರ್ಷ ದಾಟಿದ ಇಂಥ ಕುಶಲ ವಸ್ತು 1972ರ ಕಾಯಿದೆಯ ಪ್ರಕಾರ ಪ್ರಾಚ್ಯವಸ್ತು, ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ ಎಂಬುದು ಎಷ್ಟು ಆಡಳಿತ ಮಂಡಳಿಗಳಿಗೆ ಗೊತ್ತು?

ಮಾಡಬೇಕಾದ್ದು ದೊಡ್ಡದೇನಲ್ಲ. ಹೊಸ ಸುರಿಯ ಬಂದರೂ ಹಳೆಯದನ್ನು ಅಲ್ಲೇ ಇರಿಸಿಕೊಳ್ಳುವುದು, ಅಳತೆ ಮತ್ತು ಫೋಟೊ ತೆಗೆದು ದಾಖಲೆ ಪುಸ್ತಕದಲ್ಲಿ ಬರೆದಿಡುವುದು, ಹುಣಸೆಹಣ್ಣನ್ನು ಹಿತ್ತಾಳೆ ದೀಪಗಳಿಗೆ ಬಿಡುವುದು. ಜಪಾನಿನವರು ಅಲಗಿಗೆ ಲವಂಗದ ಪರಿಮಳದ ತೆಳು ಎಣ್ಣೆ ಸವರುತ್ತಾರೆ. ನಮಗೆ ಹೊಲಿಗೆ ಯಂತ್ರದ ಎಣ್ಣೆಯೂ ಒಂದು ತುಂಡು ಹಳೆಯ ಹತ್ತಿಬಟ್ಟೆಯೂ ಸಾಕು.