ಕೆಳಕ್ಕೆ ಕೂಗುವ ಹರಾಜು



ನಮ್ಮ ಕಡೆ ಹರಾಜು ಅಂದ್ರೆ ಮೇಲಕ್ಕೆ ಕೂಗೋದು. ಸರ್ಕಾರಿ ಖರೀದಿಯಲ್ಲಿ ಉಲ್ಟಾ ಒಂದಿದೆ, ರಿವರ್ಸ್ ಆಕ್ಷನ್. ಮಾರುವವರು ಕಂಪ್ಯೂಟರ್ ಮುಂದೆ ಕೂತು ದರ ಇಳಿಸ್ತಾ ಹೋಗಬೇಕು. ಕೊನೆಗೆ ಎಲ್ಲರಿಗಿಂತ ಕೆಳಗೆ ನಿಂತವನೇ ಎಲ್-1. 2016ರಲ್ಲಿ ಜೆಮ್ ಪೋರ್ಟಲ್ ಬಂದ ಮೇಲೆ ಸಣ್ಣಪುಟ್ಟ ಕಚೇರಿಗೂ ಇದು ಕೈಗೆಟುಕಿತು.

ಇದಕ್ಕೆ ಮಿತಿಯೇ ಇಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಇದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 167ನೆಯದು ಓದಿ. ಕೊಳ್ಳುವುದನ್ನು ವಿವರವಾಗಿ ಬರೆದು ಹೇಳುವಂತಿರಬೇಕು, ಅರ್ಹರ ನಡುವೆ ನಿಜವಾದ ಪೈಪೋಟಿ ಇರಬೇಕು, ಆಯ್ಕೆಯ ಅಳತೆ ಹಣದಲ್ಲಿ ಎಣಿಸುವಂಥದ್ದಾಗಿರಬೇಕು. ನಾನು ಫೈಲು ಕಟ್ಟುವ ಗುಮಾಸ್ತ. ಕಾಗದ, ಟೋನರಿಗೆ ಇದು ಸರಿ ಅಂತ ಒಪ್ತೀನಿ. ಶೌಚಾಲಯ ತೊಳೆಯುವ ಗುತ್ತಿಗೆಯ ಗುಣಮಟ್ಟವನ್ನ ರೂಪಾಯಿಯಲ್ಲಿ ಹೇಗೆ ಎಣಿಸ್ತೀರಿ? ಕನಿಷ್ಠ ಕೂಲಿ ಇಳಿಸೋ ಹಾಗಿಲ್ಲ, ನಿಜ. ಇಳಿಸಿದ ದುಡ್ಡು ಗ್ಲೌಸಲ್ಲಿ, ಬೂಟಲ್ಲಿ, ಸೋಪಲ್ಲಿ ಕಡಿತ ಆಗುತ್ತೆ. ಗ್ಲೌಸಿಲ್ಲದ ಕೈ ಯಾರದ್ದು ಅಂತ ಬೇರೆ ಹೇಳಬೇಕಾ?

ಗಾಳಿ ವಿದ್ಯುತ್ತಿನ ಕಥೆ ನೋಡಿ. 2017ರ ಫೆಬ್ರವರಿಯ ಹರಾಜಲ್ಲಿ ಯೂನಿಟ್ಟಿಗೆ 3.46 ರೂಪಾಯಿ. ಅದೇ ಡಿಸೆಂಬರಲ್ಲಿ ಗುಜರಾತಿನಲ್ಲಿ 2.43. ಹೀಗಾದ್ರೆ ಬದುಕೋಕಾಗಲ್ಲ ಅಂತ ಉದ್ಯಮದವರು ವರ್ಷಗಟ್ಟಲೆ ದೂರಿದರು. 2023ರ ಜನವರಿಯಲ್ಲಿ ಕೇಂದ್ರ ಸಚಿವಾಲಯ ಗಾಳಿ ವಿದ್ಯುತ್ ಟೆಂಡರಿಗೆ ಈ ಪದ್ಧತಿ ಕೈಬಿಡಲು ತೀರ್ಮಾನಿಸಿತು. ದೊಡ್ಡವರ ಗೋಳು ದಿಲ್ಲಿಗೆ ಕೇಳಿಸುತ್ತೆ.

ನಮ್ಮವರದ್ದು? 2012ರ ಆದೇಶ, ಕೇಂದ್ರದ ಇಲಾಖೆಗಳು ಕಿರು-ಸಣ್ಣ ಉದ್ದಿಮೆಗಳಿಂದ ಶೇ. 20ರಷ್ಟು ಕೊಳ್ಳಬೇಕು ಅಂದಿತು. ಅದರೊಳಗೆ ಎಸ್‌ಸಿ, ಎಸ್‌ಟಿ ಉದ್ಯಮಿಗಳಿಗೆ ಶೇ. 4. 2018ರಲ್ಲಿ 20 ಹೋಗಿ 25 ಆಯ್ತು, ಮಹಿಳೆಯರಿಗೆ ಅಂತ 3 ಸೇರಿತು (ಸಂತೋಷವೇ). ನಮ್ಮ 4 ಮಾತ್ರ 4 ಆಗೇ ಉಳೀತು. ಈ ಪಾಲಿಗೂ ಷರತ್ತಿದೆ. ನಮ್ಮ ದರ ಎಲ್-1ಗಿಂತ ಶೇ. 15ರೊಳಗೆ ಹೆಚ್ಚಿರಬಹುದು, ಆದರೆ ಆರ್ಡರ್ ಬೇಕಂದ್ರೆ ಎಲ್-1 ದರಕ್ಕೇ ಇಳಿಯಬೇಕು. ನಮ್ಮವರು ಟೆಂಡರಿಗೆ ಬರದಿದ್ರೆ ಅಥವಾ ಆ ದರಕ್ಕೆ ಇಳಿಯೋಕಾಗದಿದ್ರೆ ಆ ಶೇ. 4ನ್ನು ಬೇರೆ ಸಣ್ಣ ಉದ್ದಿಮೆಗಳಿಂದ ತುಂಬಿಸಿಕೊಳ್ಳಬಹುದು ಅಂತ ಅದೇ ಆದೇಶ ಹೇಳುತ್ತೆ. ಈಗ ಎರಡನ್ನೂ ಜೋಡಿಸಿ. ಸಾಲ ಮಾಡಿ ಅಂಗಡಿ ಇಟ್ಟವನು, ಗೋದಾಮು ತುಂಬಾ ಸರಕಿರುವವನು ಹರಾಜಲ್ಲಿ ನೆಲಕ್ಕಿಳಿಸಿದ ದರವನ್ನ ಮುಟ್ಟಬೇಕು. ಮುಟ್ಟಲಿಲ್ಲವಾ, ಪಾಲು ಹೋಯ್ತು. ಕಾನೂನುಬದ್ಧವಾಗಿಯೇ!

ನಿಮ್ಮೂರಿನ ಕೇಂದ್ರ ಸರ್ಕಾರಿ ಕಚೇರಿಗೆ ಆರ್‌ಟಿಐ ಹಾಕಿ. ಈ ವರ್ಷ ಎಷ್ಟು ರಿವರ್ಸ್ ಆಕ್ಷನ್, ಶೇ. 4ರಲ್ಲಿ ನಮ್ಮವರಿಗೆ ಸಿಕ್ಕಿದ್ದೆಷ್ಟು, ಬೇರೆಯವರಿಂದ ತುಂಬಿಸಿದ್ದೆಷ್ಟು ಅಂತ ಕೇಳಿ. ಅರ್ಜಿ ನಮೂನೆ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ, ಕಳಿಸ್ತೀನಿ.