ತರಗತಿಯಲ್ಲಿ ‘ತುಘಲಕ್’: ಅಭಿನಯ, ಚರ್ಚೆಗಳ ಮೂಲಕ ಪಾತ್ರಾಧ್ಯಯನ

ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕವನ್ನು ಓದಲು ಕುಳಿತ ಅನೇಕ ಮಕ್ಕಳು ‘ಹುಚ್ಚು ದೊರೆ’ ಎಂಬ ತೀರ್ಪಿನೊಂದಿಗೇ ಪುಸ್ತಕ ತೆರೆಯುತ್ತಾರೆ. ಆ ಪೂರ್ವಗ್ರಹವನ್ನು ಪರೀಕ್ಷಿಸಲು ಎರಡು ಚಟುವಟಿಕೆಗಳನ್ನು ನಾವು ಸೂಚಿಸುತ್ತೇವೆ.

ಮೊದಲನೆಯದು ಅಭಿನಯ. ಒಬ್ಬ ವಿದ್ಯಾರ್ಥಿ ಸುಲ್ತಾನನಾಗಿ ಕುಳಿತು, ರಾಜಧಾನಿಯನ್ನು ದಿಲ್ಲಿಯಿಂದ ದೌಲತಾಬಾದಿಗೆ ಸಾಗಿಸಿದ್ದೇಕೆ, ತಾಮ್ರದ ನಾಣ್ಯ ತಂದದ್ದೇಕೆ ಎಂಬ ಸಹಪಾಠಿಗಳ ಪ್ರಶ್ನೆಗಳಿಗೆ ಪಾತ್ರವಾಗಿಯೇ ಉತ್ತರಿಸಬೇಕು. ಬಳಿಕ ಅದೇ ಆಸನದಲ್ಲಿ ಬರನಿ, ನಜೀಬ್ ಹಾಗೂ ಮಲತಾಯಿ ಕುಳಿತಾಗ ಸುಲ್ತಾನನ ಬೇರೆ ಬೇರೆ ಮುಖಗಳು ಕಾಣತೊಡಗುತ್ತವೆ.

ಎರಡನೆಯದು ಚರ್ಚೆ. ಬ್ರಾಹ್ಮಣನ ವೇಷ ಧರಿಸಿ ಸುಲ್ತಾನನ ವಿರುದ್ಧವೇ ನ್ಯಾಯ ಗೆದ್ದ ಅಗಸ ಅಜೀಜನ ವಂಚನೆಗಳೆಲ್ಲ ಬಯಲಾದಾಗ ಆತನಿಗೆ ದೊರೆಯುವುದು ಶಿಕ್ಷೆಯಲ್ಲ, ಅಧಿಕಾರ. ಇದು ಸುಲ್ತಾನನ ಔದಾರ್ಯವೋ, ಸೋಲೋ? ಪ್ರತಿ ವಾದಕ್ಕೂ ನಾಟಕದ ಒಂದು ಮಾತು ಆಧಾರವಾಗಿರಬೇಕು. ನಡುವೆ ಪಕ್ಷಗಳು ಅದಲುಬದಲಾಗಬೇಕು.

ಕೊನೆಗೆ, ತಮ್ಮ ಮೊದಲ ತೀರ್ಪಿನಲ್ಲಿ ಉಳಿದದ್ದೇನು, ಬದಲಾದದ್ದೇನು ಎಂಬುದನ್ನು ಎಲ್ಲರೂ ನಾಲ್ಕು ಸಾಲಿನಲ್ಲಿ ಬರೆಯಲಿ. ಹೊರನಾಡಿನ ನಮ್ಮ ಮಕ್ಕಳ ಕನ್ನಡವು ಊಟೋಪಚಾರದ ಮಾತಿಗಷ್ಟೇ ಸೀಮಿತವಾಗದೆ, ವಿಚಾರದ ಭಾಷೆಯಾಗಿ ಬೆಳೆಯಲು ಇಂತಹ ಅಭ್ಯಾಸ ಅಗತ್ಯವೆಂಬುದು ನಮ್ಮ ಅಭಿಪ್ರಾಯ.