ಓಣಿ, ಕೇರಿ ಮತ್ತು ಪುರಸಭೆ: ಅಥಣಿ ಸೀಮೆಯಲ್ಲಿ ಸಾರ್ವಜನಿಕ ಸಂಪನ್ಮೂಲದ ಚರಿತ್ರೆ

ಕರ್ನಾಟಕದ ಚರಿತ್ರೆಯನ್ನು ಕುರಿತ ಅಧ್ಯಯನಗಳಲ್ಲಿ ರಾಜಧಾನಿಗಳಿಗೆ ದೊರೆತ ಸ್ಥಾನ ತಾಲ್ಲೂಕು ಕೇಂದ್ರಗಳಿಗೆ ದೊರೆತಿಲ್ಲ. ಆದರೆ ಸಾಮಾನ್ಯ ನಾಗರಿಕನು ಪ್ರಭುತ್ವವನ್ನು ಪ್ರತಿನಿತ್ಯ ಮುಖಾಮುಖಿಯಾಗುವುದು ತನ್ನ ಓಣಿಯ ನಳ, ದೀಪ, ಶಾಲೆ, ದವಾಖಾನೆ, ವಾಚನಾಲಯ ಮತ್ತು ಸಂತೆಯ ಬಯಲಿನಲ್ಲಿಯೇ. ಇವುಗಳಿಗೆ ಹಣ ಎಲ್ಲಿಂದ ಬಂದಿತು, ಇವುಗಳೊಳಗೆ ಯಾರಿಗೆ ಪ್ರವೇಶ ದೊರೆಯಿತು ಎಂಬ ಎರಡು ಪ್ರಶ್ನೆಗಳನ್ನು ಅಥಣಿ ಮತ್ತು ಅದರ ನೆರೆಯ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಕಾಗವಾಡ ಪರಿಸರವನ್ನು ಕೇಂದ್ರವಾಗಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1. ಪೂರ್ವಪರಂಪರೆ

ಸ್ಥಳೀಯವಾಗಿ ತೆರಿಗೆ ಎತ್ತಿ ಸ್ಥಳೀಯ ಕಾರ್ಯಕ್ಕೆ ವಿನಿಯೋಗಿಸುವ ಪದ್ಧತಿ ಬ್ರಿಟಿಷರ ಕೊಡುಗೆಯೆಂದು ಭಾವಿಸುವುದು ಸರಿಯಲ್ಲ. ರಟ್ಟರ ಆಳ್ವಿಕೆಗೆ ಒಳಪಟ್ಟ ಈ ಪ್ರದೇಶದ ಶಾಸನಗಳು ಇದಕ್ಕೆ ಸಾಕ್ಷಿಯಾಗಿವೆ. ಕೃಷ್ಣೆಯ ಆಚೆ ದಡದ ತೇರದಾಳದ 12ನೆಯ ಶತಮಾನದ ಶಾಸನದಲ್ಲಿ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದವರು ಬಸದಿಗೆ ದತ್ತಿ ಬಿಟ್ಟುದು ದಾಖಲಾಗಿದೆ. ನಾಲ್ಕನೆಯ ಕಾರ್ತವೀರ್ಯನ ಕಾಲದ ಬೆಳಗಾವಿಯ 1204ರ ಶಾಸನದಲ್ಲಿ ವರ್ತಕರು ತಾವು ವ್ಯವಹರಿಸುವ ಸರಕುಗಳ ಮೇಲೆ ತಾವೇ ಸುಂಕ ವಿಧಿಸಿಕೊಂಡು ರಟ್ಟ ಜಿನಾಲಯಕ್ಕೆ ಸಲ್ಲಿಸಿದ್ದಾರೆ. ಪೇಟೆಯಲ್ಲಿ ಹುಟ್ಟಿದ ಹಣ ಊರಿನ ಸಾಮೂಹಿಕ ಕಾರ್ಯಕ್ಕೆ ಸಲ್ಲಬೇಕೆಂಬ ನೀತಿ ಇಲ್ಲಿ ಸ್ಪಷ್ಟವಾಗಿದೆ. ಆದರೆ ದತ್ತಿಯ ಫಲವು ಆಯಾ ಸಮುದಾಯದ ಆವರಣದೊಳಗೇ ಉಳಿಯುತ್ತಿತ್ತು. ಎಲ್ಲ ನಿವಾಸಿಗಳಿಗೂ ಸಮಾನವಾದ ಹಕ್ಕು ಎಂಬ ಕಲ್ಪನೆ ಇನ್ನೂ ರೂಪುಗೊಂಡಿರಲಿಲ್ಲ.

ವಿಜಾಪುರ ಮತ್ತು ಗೋವೆಗಳ ನಡುವಣ ಮಾರ್ಗದಲ್ಲಿದ್ದ ಅಥಣಿಯನ್ನು 17ನೆಯ ಶತಮಾನದ ಯುರೋಪಿಯನ್ ಪ್ರವಾಸಿ ಮ್ಯಾಂಡೆಲ್‌ಸ್ಲೋ ಉಲ್ಲೇಖಿಸಿದ್ದಾನೆ. 1679ರಲ್ಲಿ ಮೊಗಲ್ ಸೇನಾನಿ ದಿಲೇರಖಾನನ ದಾಳಿಯಿಂದ ಊರು ಸೂರೆಹೋಯಿತು. ಅಂಥ ಆಘಾತದಿಂದಲೂ ಪೇಟೆ ಚೇತರಿಸಿಕೊಂಡಿತೆಂಬುದು ಮುಂದಿನ ಬೆಳವಣಿಗೆಗಳನ್ನು ತಿಳಿಯಲು ಮುಖ್ಯ. ಪುರಸಭೆಯ ಆದಾಯ ನಿಂತದ್ದು ಈ ಪೇಟೆಯ ಮೇಲೆಯೇ.

2. ಪುರಸಭೆಯ ಉದಯ ಮತ್ತು ಜಕಾತಿ

1842ರಲ್ಲಿ ಬಂಗಾಳಕ್ಕಾಗಿ ರೂಪಿಸಿದ ಪುರಾಡಳಿತ ಕಾಯಿದೆ ನೇರ ತೆರಿಗೆಯನ್ನು ಅವಲಂಬಿಸಿದ್ದರಿಂದ ಜನರ ವಿರೋಧಕ್ಕೆ ಗುರಿಯಾಗಿ ವಿಫಲವಾಯಿತು. ಇದರ ಅನುಭವದಿಂದ ಬಂದ 1850ರ 26ನೆಯ ಕಾಯಿದೆ ಪರೋಕ್ಷ ತೆರಿಗೆಗೂ ಅವಕಾಶ ನೀಡಿತು. ಊರಿನ ನಿವಾಸಿಗಳು ಬಯಸಿದರೆ ಮಾತ್ರ ಅದನ್ನು ಜಾರಿಗೊಳಿಸಬಹುದಾಗಿತ್ತು. ಮುಂಬಯಿ ಪ್ರಾಂತದ ಪಟ್ಟಣಗಳು ಇದನ್ನು ವ್ಯಾಪಕವಾಗಿ ಸ್ವೀಕರಿಸಿದವು. ಬೆಳಗಾವಿ ಜಿಲ್ಲೆಯಲ್ಲಿ ಬೆಳಗಾವಿ, ಅಥಣಿ, ಗೋಕಾಕ ಮತ್ತು ನಿಪ್ಪಾಣಿಗಳಲ್ಲಿ 1850ರ ದಶಕದಲ್ಲಿಯೇ ಪುರಸಭೆಗಳು ಸ್ಥಾಪನೆಗೊಂಡುದು ಗಮನಾರ್ಹ.

ಪ್ರಾಂತದ ಈ ಪುರಸಭೆಗಳ ಮುಖ್ಯ ಆಧಾರ ಜಕಾತಿ. ಊರ ಬಾಗಿಲಿನ ನಾಕಾದಲ್ಲಿ ಧಾನ್ಯ, ಎಣ್ಣೆ, ಕಟ್ಟಿಗೆ ಮುಂತಾದ ಸರಕುಗಳ ಮೇಲೆ ಎತ್ತುತ್ತಿದ್ದ ಈ ಸುಂಕ ಮೇಲ್ನೋಟಕ್ಕೆ ವರ್ತಕನ ಮೇಲೆ ಬಿದ್ದಂತೆ ತೋರಿದರೂ ಅಂತಿಮವಾಗಿ ಅದನ್ನು ಭರಿಸುತ್ತಿದ್ದವನು ಕೊಳ್ಳುವ ಬಡವ. ಮನೆಪಟ್ಟಿ ಕಟ್ಟುವಷ್ಟು ಆಸ್ತಿಯಿಲ್ಲದ ಕೂಲಿಕಾರನೂ ಹಿಡಿ ಜೋಳ ಕೊಂಡಾಗ ಪುರಸಭೆಯ ಬೊಕ್ಕಸಕ್ಕೆ ತನ್ನ ಪಾಲು ಸಲ್ಲಿಸುತ್ತಿದ್ದ. ಆದರೆ ಪುರಸಭೆಯ ಸದಸ್ಯತ್ವದಲ್ಲಿ ಅವನಿಗೆ ಪಾಲಿರಲಿಲ್ಲ. ಲಾರ್ಡ್ ರಿಪ್ಪನ್ನನ 1882ರ ಮೇ 18ರ ನಿರ್ಣಯ ಮತ್ತು ಅದನ್ನನುಸರಿಸಿದ 1884ರ ಮುಂಬಯಿ ಜಿಲ್ಲಾ ಪುರಸಭೆಗಳ ಕಾಯಿದೆ ಚುನಾಯಿತ ಪ್ರತಿನಿಧಿಗಳಿಗೆ ಸ್ಥಾನ ಕಲ್ಪಿಸಿದರೂ ಮತದಾನದ ಹಕ್ಕು ತೆರಿಗೆ, ಆಸ್ತಿ ಮತ್ತು ವಿದ್ಯೆಗಳಿಗೆ ಸೀಮಿತವಾಗಿತ್ತು. ಎಲ್ಲರಿಂದ ಹಣ, ಕೆಲವರಿಂದ ನಿರ್ಧಾರ ಎಂಬ ಈ ವೈರುಧ್ಯ ಪುರಸಭೆಯ ಹುಟ್ಟಿನೊಂದಿಗೇ ಬಂದುದು.

3. ಬಾವಿಯ ಪ್ರಶ್ನೆ

ಈ ವೈರುಧ್ಯ ಅತ್ಯಂತ ತೀಕ್ಷ್ಣವಾಗಿ ವ್ಯಕ್ತವಾದುದು ಕುಡಿಯುವ ನೀರಿನ ವಿಷಯದಲ್ಲಿ. ಅಥಣಿ ಸೀಮೆ ಮಳೆ ಕಡಿಮೆಯಾದ ಸೀಮೆ. 1876–78ರ ಮಹಾಕ್ಷಾಮದ ಬೇಗೆಯನ್ನು ಅದು ಉಂಡಿದೆ. ಇಂಥ ನೆಲದಲ್ಲಿ ಸಾರ್ವಜನಿಕ ಬಾವಿಯೆಂದರೆ ಜೀವಾಧಾರ. ಪ್ರಾಂತದ ಊರೂರುಗಳಲ್ಲಿ ಸಾರ್ವಜನಿಕ ಹಣದಿಂದ ನಿರ್ಮಿಸಿದ ಬಾವಿಯಿಂದಲೇ ಅಸ್ಪೃಶ್ಯರೆನಿಸಿದವರನ್ನು ದೂರವಿಡಲಾಗುತ್ತಿತ್ತು. ಅಥಣಿಗೆ ದೇಶವಿದೇಶಗಳಲ್ಲಿ ಹೆಸರು ತಂದ ಪಾದರಕ್ಷೆಗಳನ್ನು ಹೊಲಿದ ಕೈಗಳು ಚರ್ಮಕಾರ ಕೇರಿಯವು ಎಂಬುದನ್ನು ನೆನೆದರೆ ಈ ಪ್ರಶ್ನೆಯ ತೂಕ ಅರ್ಥವಾಗುತ್ತದೆ.

1923ರ ಆಗಸ್ಟ್ 4ರಂದು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಎಸ್. ಕೆ. ಬೋಲೆಯವರ ಠರಾವು ಅಂಗೀಕೃತವಾಯಿತು. ಸಾರ್ವಜನಿಕ ಹಣದಿಂದ ನಿರ್ಮಿಸಿದ ಅಥವಾ ನಿರ್ವಹಿಸುವ ಬಾವಿ, ಧರ್ಮಶಾಲೆ, ಶಾಲೆ, ಕಚೇರಿ, ದವಾಖಾನೆಗಳು ಅಸ್ಪೃಶ್ಯ ವರ್ಗಗಳಿಗೂ ತೆರೆದಿರಬೇಕೆಂಬುದು ಅದರ ಸಾರ. ಠರಾವು ಕಾಗದದಲ್ಲಿಯೇ ಉಳಿಯುವುದನ್ನು ಕಂಡ ಬೋಲೆಯವರು 1926ರ ಆಗಸ್ಟ್‌ನಲ್ಲಿ ಮತ್ತೊಂದು ಠರಾವು ಮಂಡಿಸಿ, ಅದನ್ನು ಜಾರಿಗೊಳಿಸದ ಪುರಸಭೆ ಮತ್ತು ಲೋಕಲ್ ಬೋರ್ಡುಗಳಿಗೆ ಸರಕಾರದ ಅನುದಾನ ನೀಡಬಾರದೆಂದು ಸೂಚಿಸಿದರು. ಸಂಪನ್ಮೂಲ ಮತ್ತು ಪ್ರವೇಶಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಿದ್ದು ಈ ಠರಾವಿನ ಹಿರಿಮೆ.

ಈ ಚಳವಳಿ ನಮ್ಮ ಸೀಮೆಗೆ ದೂರದ್ದಾಗಿರಲಿಲ್ಲ. 1920ರ ಮಾರ್ಚಿನಲ್ಲಿ ಕೊಲ್ಹಾಪುರದ ಶಾಹು ಮಹಾರಾಜರ ಬೆಂಬಲದೊಂದಿಗೆ ಮಾಣಗಾಂವದಲ್ಲಿ ನಡೆದ ಪರಿಷತ್ತಿನ ಅಧ್ಯಕ್ಷತೆಯನ್ನು ಡಾ. ಬಿ. ಆರ್. ಅಂಬೇಡ್ಕರ್ ವಹಿಸಿದ್ದರು. 1925ರ ಏಪ್ರಿಲಿನಲ್ಲಿ ನಿಪ್ಪಾಣಿಯಲ್ಲಿಯೇ ಜರುಗಿದ ಬಹಿಷ್ಕೃತರ ಪ್ರಾಂತೀಯ ಪರಿಷತ್ತಿಗೂ ಅವರೇ ಅಧ್ಯಕ್ಷರು. ಮಹಾಡದ ಕೆರೆಯ ಸತ್ಯಾಗ್ರಹಕ್ಕೆ (1927) ಎರಡು ವರ್ಷ ಮೊದಲೇ ಈ ಗಡಿಸೀಮೆಯ ಕೇರಿಗಳ ಜನ ತಮ್ಮ ಪರಿಷತ್ತಿನಲ್ಲಿ ಕೂಡಿದ್ದರೆಂಬುದು ಸ್ಥಳೀಯ ಚರಿತ್ರೆಯಲ್ಲಿ ಒತ್ತಿ ಹೇಳಬೇಕಾದ ಸಂಗತಿ.

4. ವಾಚನಾಲಯ: ಚಂದಾದಿಂದ ಕರಕ್ಕೆ

ಪ್ರವೇಶದ ಚರಿತ್ರೆಯನ್ನು ಗ್ರಂಥಾಲಯದ ಮೂಲಕವೂ ಓದಬಹುದು. ಬೆಳಗಾವಿಯ ಸಾರ್ವಜನಿಕ ವಾಚನಾಲಯ 1848ರಷ್ಟು ಹಳೆಯದು. ಆ ಕಾಲದ ವಾಚನಾಲಯಗಳು ವಿದ್ಯಾವಂತರ ಔದಾರ್ಯ ಮತ್ತು ಸದಸ್ಯರ ಚಂದಾಹಣದಿಂದ ನಡೆದವು. ಚಂದಾ ಕೊಡಲಾರದವನಿಗೆ ಅಲ್ಲಿನ ಪುಸ್ತಕಗಳು ದೂರವೇ ಉಳಿದವು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಈ ನೆಲೆಯನ್ನೇ ಬದಲಿಸಿತು. ಸ್ಥಳೀಯ ಸಂಸ್ಥೆಗಳು ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನೂ ಸಂಗ್ರಹಿಸಿ ಗ್ರಂಥಾಲಯ ಪ್ರಾಧಿಕಾರಕ್ಕೆ ಒಪ್ಪಿಸಬೇಕೆಂಬ ನಿಯಮದಿಂದಾಗಿ ಪುಸ್ತಕವು ದಾನದ ವಸ್ತುವಾಗಿ ಉಳಿಯದೆ ನಿವಾಸಿಯ ಹಕ್ಕಾಯಿತು. ಸಂಗ್ರಹಿಸಿದ ಕರ ಸಕಾಲದಲ್ಲಿ ಸಂದಾಯವಾದಾಗ ಮಾತ್ರ ಈ ಹಕ್ಕಿಗೆ ಅರ್ಥವುಂಟು.

5. ಜಾತ್ರೆ, ಉತ್ಸವ ಮತ್ತು ಊರಿನ ಬಯಲು

ಓಣಿಯ ನಿವಾಸಿಗಳು ಒಂದೆಡೆ ಸೇರುವ ಸಂದರ್ಭಗಳು ಪುರಸಭೆಗಿಂತ ಬಹು ಹಿಂದಿನವು. ಅಥಣಿಯ ಗಚ್ಚಿನಮಠದಲ್ಲಿ ನೆಲೆಸಿದ್ದ ಮುರುಘೇಂದ್ರ ಶಿವಯೋಗಿಗಳ (1836–1921) ಸನ್ನಿಧಿ ಸುತ್ತಲಿನ ಹಳ್ಳಿಗಳ ಜನರನ್ನು ಈ ಪಟ್ಟಣಕ್ಕೆ ಸೆಳೆಯಿತು. 1893ರಲ್ಲಿ ಲೋಕಮಾನ್ಯ ತಿಲಕರು ಪುಣೆಯಲ್ಲಿ ಸಾರ್ವಜನಿಕ ರೂಪ ಕೊಟ್ಟ ಗಣೇಶೋತ್ಸವ ಮುಂಬಯಿ ಕರ್ನಾಟಕಕ್ಕೂ ಹಬ್ಬಿ ಗಲ್ಲಿಗೊಂದು ಮಂಡಳಿಯನ್ನು ಹುಟ್ಟುಹಾಕಿತು. 1956ರ ನವೆಂಬರ್ 1ರ ಏಕೀಕರಣದ ನಂತರ ರಾಜ್ಯೋತ್ಸವವೂ ಗಡಿಭಾಗದ ಪಟ್ಟಣಗಳಲ್ಲಿ ವಿಶೇಷ ಅರ್ಥ ಪಡೆಯಿತು.

ಈ ಉತ್ಸವಗಳಿಗೆ ಹಣ ಬರುವುದು ಓಣಿಯ ವರ್ಗಣಿಯಿಂದ. ನೀರು, ದೀಪ, ಕಸಗುಡಿಸುವಿಕೆಯ ಹೊಣೆ ಪುರಸಭೆಯದು. ಉತ್ಸವದ ಮರುದಿನ ಬೆಳಗಿನ ಜಾವ ಬೀದಿಯನ್ನು ಶುಚಿಗೊಳಿಸುವ ಪೌರಕಾರ್ಮಿಕನ ಶ್ರಮವೂ ಈ ಸಂಪನ್ಮೂಲದ ಒಂದು ಭಾಗವೇ. ವರ್ಗಣಿಯ ಲೆಕ್ಕದಲ್ಲಿ ಅದು ಎಂದೂ ಕಾಣಿಸಿಕೊಳ್ಳುವುದಿಲ್ಲ.

ಎಲ್ಲ ಸಮುದಾಯ ಸಮಾರಂಭಗಳೂ ಎಲ್ಲರಿಗೂ ಹಿತಕರವಾಗಿದ್ದವೆಂದು ಹೇಳಲಾಗದು. ಅಥಣಿ ತಾಲ್ಲೂಕಿನ ಕೊಕಟನೂರಿನ ಯಲ್ಲಮ್ಮನ ಜಾತ್ರೆಯಂಥ ಸಂದರ್ಭಗಳಲ್ಲಿ ಪ್ರಾಣಿಬಲಿಯನ್ನು ತಡೆಯಲು, ದೇವದಾಸಿ ಪದ್ಧತಿಯ ವಿರುದ್ಧ ತಿಳಿವಳಿಕೆ ಮೂಡಿಸಲು ಆಡಳಿತ ಪ್ರವೇಶಿಸಬೇಕಾಯಿತು. 1934ರ ಮುಂಬಯಿ ದೇವದಾಸಿ ರಕ್ಷಣಾ ಕಾಯಿದೆ ಮತ್ತು 1982ರ ಕರ್ನಾಟಕ ದೇವದಾಸಿ ನಿಷೇಧ ಕಾಯಿದೆ ಇದಕ್ಕೆ ಶಾಸನಬಲ ಒದಗಿಸಿದವು. ಜಾತ್ರೆಯನ್ನು ಗೌರವಿಸುತ್ತಲೇ ಅದರೊಳಗಿನ ಅನ್ಯಾಯವನ್ನು ತಡೆಯುವುದು ಸ್ಥಳೀಯ ಆಡಳಿತದ ಕಠಿಣ ಹೊಣೆಗಳಲ್ಲೊಂದು.

6. ಸ್ವಾತಂತ್ರ್ಯಾನಂತರ

1964ರ ಕರ್ನಾಟಕ ಪುರಸಭೆಗಳ ಕಾಯಿದೆ ಹಳೆಯ ಮುಂಬಯಿ, ಮೈಸೂರು, ಹೈದರಾಬಾದ ಭಾಗಗಳ ಭಿನ್ನ ವ್ಯವಸ್ಥೆಗಳನ್ನು ಒಂದುಗೂಡಿಸಿತು. 1979ರಲ್ಲಿ ರಾಜ್ಯದಲ್ಲಿ ಜಕಾತಿ ರದ್ದಾಯಿತು. ಬಡವನ ಮೇಲಿನ ಭಾರವೊಂದು ಇಳಿದುದು ನಿಜವಾದರೂ ಪುರಸಭೆಗಳು ತಮ್ಮ ಕೈಯಲ್ಲಿದ್ದ ದೊಡ್ಡ ಆದಾಯವನ್ನು ಕಳೆದುಕೊಂಡು ರಾಜ್ಯ ಸರಕಾರದ ಪರಿಹಾರ ಮತ್ತು ಅನುದಾನವನ್ನು ಅವಲಂಬಿಸುವಂತಾಯಿತು. ಊರಿನ ಹಣದಿಂದ ಊರಿನ ಕೆಲಸ ಎಂಬ ಹಳೆಯ ಸೂತ್ರ ಇಲ್ಲಿಂದ ಸಡಿಲಗೊಂಡಿತು.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ 12ನೆಯ ಅನುಸೂಚಿಯಲ್ಲಿ 18 ವಿಷಯಗಳನ್ನು ನಗರ ಸಂಸ್ಥೆಗಳಿಗೆ ಗುರುತಿಸಿತು. ಮಹಿಳೆಯರಿಗೆ ಮೂರನೆಯ ಒಂದು ಪಾಲಿಗೆ ಕಡಿಮೆಯಿಲ್ಲದ ಸ್ಥಾನಗಳನ್ನು, ಪರಿಶಿಷ್ಟರಿಗೆ ಜನಸಂಖ್ಯೆಗೆ ಅನುಗುಣವಾದ ಸ್ಥಾನಗಳನ್ನು ಮೀಸಲಿರಿಸಿತು. ಪುರಸಭೆಗಳ ನಿಧಿಯಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಕಲ್ಯಾಣಕ್ಕೆ ಮೀಸಲಿಡುವ ಪಾಲನ್ನು ರಾಜ್ಯ ಸರಕಾರ ಶೇ. 22.75ರಿಂದ ಶೇ. 24.10ಕ್ಕೆ ಏರಿಸಿತು. ಬೋಲೆ ಠರಾವಿನ ಆಶಯ ಇಲ್ಲಿ ಆಯವ್ಯಯದ ಒಂದು ಬಾಬಾಗಿ ಮಾರ್ಪಟ್ಟಿದೆ.

ಆದರೂ ಒಂದು ಕೊರತೆ ಉಳಿದಿದೆ. ಹಳ್ಳಿಯ ಮತದಾರನಿಗೆ ಗ್ರಾಮಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವ ಹಕ್ಕಿದೆ. ವಾರ್ಡು ಸಮಿತಿಗಳನ್ನು ಸಂವಿಧಾನ ಕಡ್ಡಾಯಗೊಳಿಸಿರುವುದು ಮೂರು ಲಕ್ಷ ಅಥವಾ ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. 2011ರ ಜನಗಣತಿಯಲ್ಲಿ ಐವತ್ತು ಸಾವಿರದೊಳಗೇ ಇದ್ದ ಅಥಣಿಯಂಥ ಪಟ್ಟಣ ಈ ಎರಡರ ನಡುವೆ ನಿಲ್ಲುತ್ತದೆ: ಗ್ರಾಮಸಭೆಯೂ ಇಲ್ಲ, ಕಡ್ಡಾಯದ ವಾರ್ಡು ಸಮಿತಿಯೂ ಇಲ್ಲ. ಓಣಿಯ ಜನ ಗಣೇಶೋತ್ಸವದ ವರ್ಗಣಿಯ ಲೆಕ್ಕವನ್ನು ಮಂಡಳಿಯವರಿಂದ ನೇರವಾಗಿ ಕೇಳಬಲ್ಲರು. ತಮ್ಮ ಓಣಿಯ ಚರಂಡಿಯ ಲೆಕ್ಕ ಕೇಳಲು ಅಂಥ ಒಂದು ಸಭೆ ಅವರಿಗಿಲ್ಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿಯುವುದಿಷ್ಟು. ಅಥಣಿ ಸೀಮೆಯಲ್ಲಿ ಸಾಮೂಹಿಕ ಕಾರ್ಯಕ್ಕೆ ಹಣ ಕೂಡಿಸುವ ಶಕ್ತಿ ರಟ್ಟರ ಕಾಲದಿಂದಲೂ ಇದ್ದಿತು. ಆ ಹಣದಿಂದ ನಿರ್ಮಿತವಾದುದನ್ನು ಎಲ್ಲರದೆಂದು ಒಪ್ಪುವುದಕ್ಕೆ ಮಾತ್ರ ಶತಮಾನಗಳೇ ಹಿಡಿದವು. ಅದೂ ಕೇರಿಯ ಜನ ಸಂಘಟಿತರಾಗಿ ಕೇಳಿದಾಗ ಮಾತ್ರ ಸಾಧ್ಯವಾಯಿತು. ಬಾವಿಯ ಬಾಗಿಲು ತೆರೆದ ಮೇಲೆ ಉಳಿದಿರುವುದು ಲೆಕ್ಕದ ಪುಸ್ತಕದ ಬಾಗಿಲು. ಓಣಿಯ ನಿವಾಸಿ ಅದನ್ನು ತೆರೆದು ನೋಡುವಂತಾದಾಗ ಪುರಸಭೆ ತನ್ನ ಹೆಸರಿನಲ್ಲಿರುವ ‘ಸಭೆ’ ಎಂಬ ಪದಕ್ಕೆ ತಕ್ಕುದಾಗುತ್ತದೆ.